ಅಪ್ಪನ ಪಾಲು

ಒಂಬತ್ತು ವರ್ಷದ ಮಗುವೊಂದು ತನ್ನ ಹುಟ್ಟುಹಬ್ಬದ ದಿನ ಅನ್ನ ಸಾರು ಸಾಕೆಂದು ಹೇಳಿದರೆ, ಆ ಮನೆಯಲ್ಲಿ ಏನೋ ಕೆಟ್ಟಿದೆಯೆಂದೇ ತಿಳಿಯಬೇಕು. ಕಳೆದ ಕಾರ್ತಿಕ ಮಾಸದಲ್ಲಿ ನಮ್ಮ ಮನೆಯಲ್ಲಿ ಹಾಗಾಯಿತು.

“ನಾಡಿದ್ದಿಗೆ ಏನು ಮಾಡಲೇ ಪುಟ್ಟಿ?” ಎಂದು ನನ್ನಾಕೆ ಮಗಳನ್ನು ಕೇಳಿದಳು. ಕೇಳುವ ಅಗತ್ಯವೇ ಇರಲಿಲ್ಲ. ನಾಲ್ಕು ವರ್ಷಗಳಿಂದ ಆ ಪ್ರಶ್ನೆಗೆ ಉತ್ತರ ಒಂದೇ ಆಗಿದ್ದಿತು. ಆದರೆ ಈ ಸಲ ಪುಟ್ಟಿ ಒಮ್ಮೆ ನನ್ನ ಮುಖವನ್ನು ನೋಡಿದಳು, ಒಮ್ಮೆ ನೆಲವನ್ನು ನೋಡಿದಳು. “ಅನ್ನ ಸಾರು ಸಾಕಮ್ಮ. ನಂಗೆ ಈಗ ಪಾಸ್ತಾ ಅಷ್ಟು ಇಷ್ಟ ಇಲ್ಲ” ಎಂದಳು.

ಹನ್ನೆರಡು ವರ್ಷಗಳಿಂದ ಕಾಲೇಜಿನಲ್ಲಿ ಪಾಠ ಹೇಳುತ್ತಿರುವ ನನಗೆ ಸುಳ್ಳು ಹೇಳುವ ಮುಖ ಅಪರಿಚಿತವಲ್ಲ. ಅಜ್ಜಿಯ ತಿಥಿಯ ಹೆಸರಿನಲ್ಲಿ ಸಿನಿಮಾಕ್ಕೆ ಹೋದವರ ಮುಖಗಳನ್ನು ನಾನು ನಿತ್ಯವೂ ನೋಡುತ್ತೇನೆ. ಆದರೆ ಆ ಸುಳ್ಳುಗಳೆಲ್ಲ ಹೇಳುವವರ ಸುಖಕ್ಕಾಗಿ ಹುಟ್ಟಿದವು. ಪುಟ್ಟಿಯ ಸುಳ್ಳು ನನ್ನ ಸಲುವಾಗಿ ಹುಟ್ಟಿದ್ದು. ಅದನ್ನು ಕೇಳಿ ನಾನು ತಲೆ ತಗ್ಗಿಸಿಕೊಂಡು ಪತ್ರಿಕೆಯನ್ನು ಓದುವವನಂತೆ ನಟಿಸಿದೆ.

ವಾಚಕರಿಗೆ ಮೊದಲು ಈ ಪಾಸ್ತಾದ ಪೂರ್ವಕಥೆಯನ್ನು ಹೇಳಬೇಕು. ನನ್ನಾಕೆಯ ಅಕ್ಕ, ಅಂದರೆ ನಮ್ಮ ಅತ್ತಿಗೆ, ಗಂಡನ ಸಂಶೋಧನೆಯ ನಿಮಿತ್ತ ಎರಡು ವರ್ಷ ಇಟಲಿಯ ಬೊಲೊನ್ಯ ನಗರದಲ್ಲಿದ್ದರು. ೧೦೮೮ರಲ್ಲಿ ಸ್ಥಾಪಿತವಾಯಿತೆಂದು ಹೇಳಲಾಗುವ ವಿಶ್ವವಿದ್ಯಾನಿಲಯವೊಂದು ಆ ಊರಿನಲ್ಲಿ ಇಂದಿಗೂ ನಡೆಯುತ್ತಿದೆ. ಅಧ್ಯಾಪಕನಾದ ನಾನು ಅದರ ವಿಚಾರ ಕೇಳೋಣವೆಂದು ಕಾದಿದ್ದರೆ, ಅತ್ತಿಗೆ ಹೊತ್ತು ತಂದದ್ದು ಅಲ್ಲಿನ ಮನೆಯೊಡತಿಯಿಂದ ಕಲಿತ ಒಂದು ಅಡುಗೆಯನ್ನು. ಕುದಿಸಿದ ಪಾಸ್ತಾವನ್ನು ಟೊಮ್ಯಾಟೊ ಗೊಜ್ಜು, ಹಾಲಿನ ಬಿಳಿ ಸಾಸು, ಚೀಸುಗಳೊಡನೆ ಪದರ ಪದರವಾಗಿ ತಟ್ಟೆಗೆ ತುಂಬಿ, ಮೇಲ್ಭಾಗ ಹೊಂಬಣ್ಣಕ್ಕೆ ತಿರುಗುವವರೆಗೆ ಓವನ್ನಿನಲ್ಲಿ ಬೇಯಿಸುವುದು. ಮನೆಯೊಡತಿ ಮಾಂಸ ಹಾಕುವ ಕಡೆ ಅತ್ತಿಗೆ ತರಕಾರಿ ಹಾಕಿದರು. ಹೀಗೆ ಅದು ನಮ್ಮ ಅಡುಗೆಮನೆಯನ್ನು ಪ್ರವೇಶಿಸಿತು.

ಇಟಲಿಯವರಿಗೆ ಕುದಿಸಿ ಬಡಿಸುವ ಪಾಸ್ತಾ ದಿನನಿತ್ಯದ ಊಟ. ಓವನ್ನಿನಲ್ಲಿ ಬೇಯಿಸಿದ್ದು ಭಾನುವಾರದ್ದು, ಹಬ್ಬದ್ದು. ಬೊಲೊನ್ಯದಲ್ಲಿ ಪಾಲಕ್ ಸೊಪ್ಪನ್ನು ಸೇರಿಸಿ ಲಟ್ಟಿಸಿದ ಹಸುರು ಹಾಳೆಗಳ ಲಸಾನ್ಯ ಪ್ರಸಿದ್ಧ. ನೇಪಲ್ಸಿನವರು ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತ ಆರಂಭವಾಗುವ ಮುನ್ನ, ಕಾರ್ನಿವಲ್ ದಿನಗಳಲ್ಲಿ, ತಮ್ಮದೇ ರೀತಿಯ ಲಸಾನ್ಯ ಮಾಡುತ್ತಾರೆ. ಏಕಾದಶಿಗೆ ಮುಂಚೆ ಹೊಟ್ಟೆ ಗಟ್ಟಿಮಾಡಿಕೊಳ್ಳುವ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಿಸಿಲಿಯ ಪಲೆರ್ಮೊದಲ್ಲಿ ಪುಟ್ಟ ಉಂಗುರಗಳಂಥ ಪಾಸ್ತಾ ಈ ಕೆಲಸಕ್ಕೆ ಮೀಸಲು. ಆ ದ್ವೀಪದವನೇ ಆದ ಲಂಪೆದೂಸನ ‘ಇಲ್ ಗತ್ತೊಪಾರ್ದೊ’ ಕಾದಂಬರಿ ಲೇಖಕನ ಮರಣಾನಂತರ ೧೯೫೮ರಲ್ಲಿ ಪ್ರಕಟವಾಯಿತು. ಅದರ ಔತಣದ ದೃಶ್ಯದಲ್ಲಿ ಮ್ಯಾಕರೋನಿ ತುಂಬಿ ಬೇಯಿಸಿದ ಭಕ್ಷ್ಯದ ಹೊರಪದರದಿಂದ ಸಕ್ಕರೆ ದಾಲ್ಚಿನ್ನಿಗಳ ಪರಿಮಳ ಏಳುತ್ತದೆ. ರಾಜಮನೆತನದ ಔತಣಕ್ಕೂ ಸಕ್ಕರೆ ಬೇಕಾಯಿತು ನೋಡಿ!

ಇದು ನಮಗೆ ತೀರ ಪರಕೀಯವೆಂದು ಭಾವಿಸಬೇಕಾಗಿಲ್ಲ. ನಮ್ಮ ಶಾವಿಗೆ ಪಾಸ್ತಾದ ದಾಯಾದಿಯೇ. ಪಾಸ್ತಾಕ್ಕೆ ಬೇಕಾದ ಡ್ಯೂರಮ್ ಎಂಬ ಗಟ್ಟಿ ಗೋಧಿ ಧಾರವಾಡದ ಕಡೆಯ ಹೊಲಗಳಲ್ಲಿಯೂ ಬೆಳೆಯುತ್ತದೆ. ನಾವು ಉಪ್ಪಿಟ್ಟಿಗೆ ತರುವ ಬನ್ಸಿ ರವೆ ಆ ಜಾತಿಯ ಗೋಧಿಯದೇ. ಶನಿವಾರ ಸಂಜೆ ಓವನ್ನಿನ ಬಾಗಿಲು ತೆಗೆದೊಡನೆ ಬರುವ ಆ ಬಿಸಿ ಪರಿಮಳಕ್ಕೆ, ವಾರದ ಆಯಾಸವೆಲ್ಲ ಹೊಸಿಲಾಚೆ ನಿಂತುಬಿಡುತ್ತಿದ್ದಿತು. ಮೊದಲು “ಇದೆಂಥದ್ದೋ, ಅಂಟು ಅಂಟು” ಎಂದು ಮೂಗು ಮುರಿದಿದ್ದ ನನ್ನ ತಾಯಿಯೂ ಆರು ತಿಂಗಳಲ್ಲಿ “ಆ ಕರಕಲು ಅಂಚು ನನಗಿರಲಿ” ಎನ್ನುವ ಮಟ್ಟಕ್ಕೆ ಬಂದರು.

ಹೀಗಿರುವಾಗ ಕಳೆದ ಆಷಾಢದಲ್ಲಿ ಜೀವವಿಮೆಯ ನಿಮಿತ್ತ ರಕ್ತ ಪರೀಕ್ಷೆ ಮಾಡಿಸಬೇಕಾಯಿತು. ಬರಿಹೊಟ್ಟೆಯ ಸಕ್ಕರೆ ೧೬೮ ಎಂದು ಬಂದಿತು. ೧೨೬ನ್ನು ಮುಟ್ಟಿದರೆ ಮಧುಮೇಹದ ಗಡಿ ದಾಟಿದಂತೆ. ಮೂರು ತಿಂಗಳ ಸರಾಸರಿಯನ್ನು ಸೂಚಿಸುವ ಇನ್ನೊಂದು ಪರೀಕ್ಷೆಯಲ್ಲಿ ೬.೫ ಗಡಿ, ನನ್ನದು ೮.೧. ಮೂವತ್ತಾರನೆಯ ವಯಸ್ಸಿಗೇ ಅಪ್ಪನ ಆಸ್ತಿಯಲ್ಲಿ ನನ್ನ ಭಾಗ ನನ್ನ ಕೈಸೇರಿತು.

ನಾನೇನೂ ಒಂಟಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದು ನಮ್ಮ ದೇಶದಲ್ಲಿ ಸುಮಾರು ೧೦.೧ ಕೋಟಿ ಮಧುಮೇಹಿಗಳೂ, ಅದರ ಹೊಸಿಲಲ್ಲಿ ನಿಂತ ೧೩.೬ ಕೋಟಿ ಜನರೂ ಇದ್ದಾರೆಂದು ಅಂದಾಜು ಮಾಡಿದೆ. ಕೋಟಿಗಟ್ಟಲೆ ಜನ ಜೊತೆಗಿದ್ದಾರೆಂಬುದು ಸಭೆಯಲ್ಲಿ ಧೈರ್ಯ ಕೊಡಬಹುದು; ಊಟದ ಮೇಜಿನ ಮುಂದೆ ಕೊಡುವುದಿಲ್ಲ. ಅಲ್ಲಿ ಮನುಷ್ಯ ತನ್ನ ತಟ್ಟೆಯ ಮುಂದೆ ಒಬ್ಬನೇ ಕುಳಿತಿರುತ್ತಾನೆ.

ನನ್ನ ತಟ್ಟೆ ಮರುದಿನದಿಂದಲೇ ಬೇರೆಯಾಯಿತು. ಎರಡು ಒಣ ಚಪಾತಿ, ಒಂದು ಪಲ್ಯ, ಮಜ್ಜಿಗೆ. ನನ್ನಾಕೆ ಅದನ್ನು ಪ್ರೀತಿಯಿಂದಲೇ ಮಾಡಿದಳು, ಅದರಲ್ಲಿ ಸಂಶಯವಿಲ್ಲ. ಉಳಿದವರ ಊಟ ನನಗೆ ಕಾಣದಂತೆ ನಡೆಯಲಾರಂಭಿಸಿತು. ನಾನು ಒಳಗೆ ಬಂದರೆ ಪುಟ್ಟಿ ಬಿಸ್ಕತ್ತಿನ ಪೊಟ್ಟಣವನ್ನು ಬೆನ್ನ ಹಿಂದೆ ಮರೆಮಾಡುತ್ತಿದ್ದಳು. ಶನಿವಾರದ ಓವನ್ ತಾನಾಗಿಯೇ ನಿಂತುಹೋಯಿತು. ಯಾರೂ ಏನೂ ಹೇಳಲಿಲ್ಲ, ಯಾರೂ ಏನೂ ಕೇಳಲಿಲ್ಲ. ಆ ಮೌನ ನನಗೆ ಹೊಸದಲ್ಲ. ಅದರಲ್ಲಿಯೇ ನಾನು ಬೆಳೆದದ್ದು.

ನನ್ನ ತಂದೆ ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಮಾಧ್ಯಮಿಕ ಶಾಲೆಯ ಮೇಷ್ಟ್ರಾಗಿದ್ದರು. ನನಗೆ ಹತ್ತು ವರ್ಷವಾಗಿದ್ದಾಗ ಅವರಿಗೆ ಸಕ್ಕರೆ ಕಾಯಿಲೆಯೆಂದು ತಿಳಿಯಿತು. ಅನ್ನ ಬೇಡ, ಸಿಹಿ ಬೇಡ ಎಂಬುದು ಊರವರೆಲ್ಲರ ಒಕ್ಕೊರಲ ತೀರ್ಪು. ರಾಗಿಮುದ್ದೆ, ಚಪಾತಿ ಎಷ್ಟು ಬೇಕಾದರೂ ಆಗಬಹುದೆಂಬುದು ಅದರ ಉಪವಾಕ್ಯ. ಅಪ್ಪ ನಮಗಿಂತ ಒಂದು ಗಂಟೆ ಮುಂಚೆ ಒಬ್ಬರೇ ಊಟ ಮಾಡಿ ಜಗಲಿಗೆ ಹೋಗಿಬಿಡುತ್ತಿದ್ದರು. ಅವರು ಅತ್ತ ಹೋದ ಮೇಲೆ ನಮ್ಮ ಎಲೆಗಳು ಬೀಳುತ್ತಿದ್ದವು.

ಒಂದು ಯುಗಾದಿಯ ರಾತ್ರಿ ನೀರು ಕುಡಿಯಲೆಂದು ಎದ್ದೆ. ಅಡುಗೆಮನೆಯಲ್ಲಿ ದೀಪವಿರಲಿಲ್ಲ. ಕಿಟಕಿಯ ಮಸುಕು ಬೆಳಕಿನಲ್ಲಿ ಅಪ್ಪ ನೆಲದ ಮೇಲೆ ಕುಳಿತು, ಒಬ್ಬಟ್ಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ತಿನ್ನುತ್ತಿದ್ದರು. ತರಗತಿಯಲ್ಲಿ ಅವರ ಕೆಮ್ಮು ಕೇಳಿದರೆ ಮಕ್ಕಳು ನಡುಗುತ್ತಿದ್ದರು. ಅಂಥವರು ನನ್ನನ್ನು ನೋಡಿ ಬೆಚ್ಚಿಬಿದ್ದರು. ಅನಂತರ ಕೈಯಲ್ಲಿದ್ದುದನ್ನು ಮುರಿದು ಅರ್ಧವನ್ನು ನನಗೆ ಚಾಚಿದರು. “ತಗೋ” ಎಂದರು, ಅಷ್ಟೇ. ನಾನು ತಿಂದೆ. ಬೆಳಿಗ್ಗೆ ಎದ್ದು ಅಮ್ಮನಿಗೆ ಹೇಳಿಬಿಟ್ಟೆ.

ಅಮ್ಮ ಉಗ್ರಾಣಕ್ಕೆ ಬೀಗ ಹಾಕಿದರು. ಅಪ್ಪ ನನ್ನನ್ನು ಬೈಯಲಿಲ್ಲ, ಆ ಮಾತನ್ನು ಎಂದೂ ಎತ್ತಲೂ ಇಲ್ಲ. ಆದರೆ ಅವರು ಮನೆಯಲ್ಲಿ ತಿನ್ನುವುದು ನಿಂತು ಹೊರಗೆ ತಿನ್ನುವುದು ಆರಂಭವಾಯಿತೆಂದು ಬಹಳ ಕಾಲದ ಮೇಲೆ ತಿಳಿಯಿತು. ಒಂದು ಗಾಯ ಮಾಯದೆ ಕಾಲಿನ ಎರಡು ಬೆರಳುಗಳು ಹೋದವು. ಮುಂದೆ ಕಣ್ಣು ಮಂಜಾಯಿತು. ಅರವತ್ತೊಂದಕ್ಕೆ ಅವರೇ ಹೋದರು. ಕಾಯಿಲೆಗೆ ಕಾರಣಗಳು ಹಲವು. ಎಲ್ಲವನ್ನೂ ಒಂದು ಡಬ್ಬಿಯ ಮೇಲೆ ಹೊರಿಸಲಾಗದೆಂದು ನನಗೆ ಗೊತ್ತು. ಆದರೂ ಪುಟ್ಟಿ ಬಿಸ್ಕತ್ತನ್ನು ಮರೆಮಾಡಿದಾಗಲೆಲ್ಲ ನನಗೆ ಆ ಕತ್ತಲೆಯ ಅಡುಗೆಮನೆಯೇ ಕಾಣುತ್ತಿದ್ದಿತು.

ಆದ್ದರಿಂದಲೇ ಹುಟ್ಟುಹಬ್ಬದ ಮಾತು ಬಂದಾಗ ನಾನು ಹಠ ಹಿಡಿದೆ. “ಪಾಸ್ತಾ ಆಗಲೇಬೇಕು. ನಾನೂ ತಿನ್ನುತ್ತೇನೆ. ಶಾಸ್ತ್ರಾಧಾರ ಉಂಟು” ಎಂದೆ.

ಶಾಸ್ತ್ರಾಧಾರವನ್ನು ನಾನು ಹುಡುಕಿದ್ದೂ ನಿಜ. ಅದುವರೆಗೆ ಪಾಕಶಾಸ್ತ್ರದೊಡನೆ ನನ್ನ ಸಂಬಂಧ, ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದ ಮೇಲೆ ವರ್ಷಕ್ಕೊಂದು ಪಾಠ ಹೇಳುವುದಕ್ಕೆ ಸೀಮಿತವಾಗಿದ್ದಿತು. ಈಗ ಆಹಾರ ವಿಜ್ಞಾನದ ಪುಸ್ತಕಗಳನ್ನು ಹಿಡಿದೆ. ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ೧೯೨೧ರಲ್ಲಿ ಇನ್ಸುಲಿನ್ನಿನ ಪ್ರಯೋಗಗಳನ್ನು ಕೈಗೊಂಡರು. ಮರುವರ್ಷದ ಜನವರಿಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊಟ್ಟಮೊದಲು ಆ ಔಷಧವನ್ನು ಚುಚ್ಚಿದರು. ಅದೇ ನಗರದಲ್ಲಿ ೧೯೮೧ರಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು, ಯಾವ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆಂದು ಅಳೆಯುವ ಸೂಚ್ಯಂಕವೊಂದನ್ನು ಪ್ರಕಟಿಸಿದರು. ಶುದ್ಧ ಗ್ಲೂಕೋಸಿಗೆ ೧೦೦ ಎಂದಿಟ್ಟುಕೊಂಡರೆ ಬಿಳಿಯ ಅನ್ನಕ್ಕೆ ಸರಾಸರಿ ೭೩, ಬಿಳಿಯ ಬ್ರೆಡ್ಡಿಗೆ ೭೫; ಪಾಸ್ತಾಕ್ಕಾದರೋ ಸುಮಾರು ೫೦! ಗಟ್ಟಿ ಗೋಧಿಯ ರವೆಯನ್ನು ನಾದಿ ಒತ್ತಿದಾಗ ಅದರ ಅಂಟು ಬಲೆಯಂತೆ ಹೆಣೆದುಕೊಂಡು ಪಿಷ್ಟದ ಕಣಗಳನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ಹೊಟ್ಟೆಯ ರಸಗಳು ಆ ಬಲೆಯನ್ನು ಬಿಡಿಸಿಕೊಂಡು ಒಳಹೊಕ್ಕಬೇಕು. ಆದ್ದರಿಂದ ಜೀರ್ಣ ನಿಧಾನ.

ಇದನ್ನೆಲ್ಲ ಹುಟ್ಟುಹಬ್ಬದ ದಿನ ಮೇಜಿನ ಮುಂದೆ ನಿಂತು ಅರ್ಧ ಗಂಟೆ ಉಪನ್ಯಾಸ ಮಾಡಿದೆ. ಪುಟ್ಟಿಯ ಮುಖ ಅರಳಿತು. ನಾಲ್ಕು ತಿಂಗಳ ಉಪವಾಸಿಯಂತೆ ನಾನು ಒಂದು ಪಾಲಿನ ಮೇಲೆ ಇನ್ನರ್ಧ ಪಾಲನ್ನೂ ಹಾಕಿಸಿಕೊಂಡೆ. ಎರಡು ಗಂಟೆಗಳ ಬಳಿಕ ಬೆರಳು ಚುಚ್ಚಿ ಯಂತ್ರಕ್ಕೆ ರಕ್ತ ತೋರಿಸಿದಾಗ, ಊಟಕ್ಕೆ ಮುಂಚೆ ೧೧೮ ಇದ್ದ ಅಂಕಿ ೨೪೬ಕ್ಕೆ ಏರಿದ್ದಿತು. ಊಟದ ನಂತರ ೧೮೦ರ ಒಳಗಿರಬೇಕೆಂದು ವೈದ್ಯರು ನನಗೆ ಹೇಳಿದ್ದರು.

ಯಂತ್ರವನ್ನು ಮುಚ್ಚಿಡುವಷ್ಟರಲ್ಲಿ ಪುಟ್ಟಿ ನೋಡಿಬಿಟ್ಟಳು. “ನನ್ನಿಂದಲೇ ಅಲ್ವಾ ಅಪ್ಪ?” ಎಂದಳು. ಹೊಸ ಲಂಗ ತೊಟ್ಟುಕೊಂಡಿದ್ದ ಮಗು, ಆ ಲಂಗದ ಸೆರಗಿನಲ್ಲೇ ಕಣ್ಣು ಒರೆಸಿಕೊಂಡಿತು. ನನ್ನ ಉಪನ್ಯಾಸದಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ.

ಸೋಮವಾರ ವೈದ್ಯರಲ್ಲಿಗೆ ಹೋಗಿ ಎಲ್ಲವನ್ನೂ ಒಪ್ಪಿಸಿದೆ. ಆ ತಾಯಿ ನಕ್ಕು, “ನೀವು ಬಂಡಿಯ ವೇಗ ನೋಡಿದಿರಿ ಮೇಷ್ಟ್ರೇ, ಮೂಟೆ ಎಷ್ಟು ಹೇರಿದ್ದೀರಿ ಅಂತ ನೋಡಲಿಲ್ಲ” ಎಂದರು. ನಿಧಾನವಾಗಿ ಬಂದರೂ ಮೂಟೆ ಹೆಚ್ಚಾದರೆ ಮನೆ ತುಂಬಲೇಬೇಕಲ್ಲ! ಒಣ ಪಾಸ್ತಾದ ನೂರು ಗ್ರಾಮಿನಲ್ಲಿ ೭೦ರಿಂದ ೭೫ ಗ್ರಾಂ ಪಿಷ್ಟವಿರುತ್ತದೆ. ನಾವು ನಾಲ್ವರಿಗೆ ೪೦೦ ಗ್ರಾಂ ಹಾಕುತ್ತಿದ್ದೆವು. ಒಂದೂವರೆ ಪಾಲು ತಿಂದ ನಾನು ಪಾಸ್ತಾ ಒಂದರಿಂದಲೇ ನೂರು ಗ್ರಾಮಿಗೂ ಮಿಕ್ಕ ಪಿಷ್ಟವನ್ನು ಹೇರಿಕೊಂಡಿದ್ದೆ. ಬಿಳಿ ಸಾಸಿನ ಮೈದಾ, ಮುಕ್ಕಾಲು ಲೀಟರು ಹಾಲು, ಬಾಟಲಿಯ ಟೊಮ್ಯಾಟೊ ಸಾಸಿನಲ್ಲಿ ಅಡಗಿದ್ದ ಸಕ್ಕರೆ ಇವೆಲ್ಲ ಅದರ ಮೇಲಿನ ಕಿರುಮೂಟೆಗಳು. “ಪಾಸ್ತಾ ಬಿಡಿ ಅಂತ ನಾನು ಹೇಳೋದಿಲ್ಲ. ತಟ್ಟೆಯ ಅರ್ಧ ತರಕಾರಿ, ಕಾಲು ಭಾಗ ಕಾಳು ಪನೀರು, ಉಳಿದ ಕಾಲು ಭಾಗ ಪಾಸ್ತಾ. ತರಕಾರಿ ಮೊದಲು ತಿನ್ನಿ. ಆಮೇಲೆ ಕಾಲು ಗಂಟೆ ನಡೆಯಿರಿ” ಎಂದರು.

ಹಿಂತಿರುಗುವಾಗ ದಾರಿಯುದ್ದಕ್ಕೂ ‘ಸಕ್ಕರೆ ಕಾಯಿಲೆ’ ಎಂಬ ನಮ್ಮ ಮಾತನ್ನೇ ಯೋಚಿಸುತ್ತ ಬಂದೆ. ಚರಕ ಸುಶ್ರುತರ ಗ್ರಂಥಗಳಲ್ಲಿರುವ ‘ಮಧುಮೇಹ’ ಎಂಬ ಹೆಸರು ಲಕ್ಷಣವನ್ನು ಹೇಳುತ್ತದೆ. ನಾವು ಅದನ್ನು ಕಾರಣವೆಂದು ಓದಿಕೊಂಡೆವು. ಸಿಹಿಯೊಂದೇ ಶತ್ರು, ಸಿಹಿಯಲ್ಲದ್ದೆಲ್ಲ ಮಿತ್ರ ಎಂದುಕೊಂಡೆವು. ರಾಗಿಯಾಗಲಿ ಗೋಧಿಯಾಗಲಿ ಒಳಗೆ ಹೋದ ಮೇಲೆ ಅದರ ಪಿಷ್ಟ ಗ್ಲೂಕೋಸೇ ಆಗುತ್ತದೆ. ನಾರು ಹೆಚ್ಚಿದ್ದರೆ ಅನುಕೂಲವುಂಟು. ಆದರೆ ಅಳತೆಯಿಂದ ವಿನಾಯಿತಿ ಯಾವ ಧಾನ್ಯಕ್ಕೂ ಇಲ್ಲ. ಅಪ್ಪ ನಾಲ್ಕು ಚಪಾತಿಯನ್ನೋ ಎರಡು ಮುದ್ದೆಯನ್ನೋ ನಿಶ್ಚಿಂತೆಯಿಂದ ತಿಂದು, ಅರ್ಧ ಒಬ್ಬಟ್ಟಿಗಾಗಿ ಕಳ್ಳನಾದರು. ಅಳತೆ ತಪ್ಪಿದ್ದು ಎಲ್ಲಿ, ಶಿಕ್ಷೆ ಆದದ್ದು ಎಲ್ಲಿ!

ನಮ್ಮ ಅಡುಗೆಮನೆಯಲ್ಲಿ ಹೊಸ ಪಾಕ ಸಿದ್ಧವಾಗಲು ಮೂರು ವಾರ ಹಿಡಿಯಿತು. ಅದು ನನ್ನಾಕೆಯ ಕೃತಿ. ನಾನು ಕೇವಲ ಲಿಪಿಕಾರ. ಬೇಕಾದವರು ಬರೆದುಕೊಳ್ಳಬಹುದು. ನಾಲ್ವರಿಗೆ ೨೦೦ ಗ್ರಾಂ ಒಣ ಪಾಸ್ತಾ, ಅಂದರೆ ತಲೆಗೆ ೫೦ ಗ್ರಾಂ. ಪೊಟ್ಟಣದ ಮೇಲೆ ಗಟ್ಟಿ ಗೋಧಿಯ ರವೆಯೆಂದು ನಮೂದಾಗಿರಬೇಕು, ಮೈದಾದ್ದಾಗಬಾರದು. ಹನ್ನೊಂದು ನಿಮಿಷ ಕುದಿಸಿರೆಂದು ಅಚ್ಚಾಗಿದ್ದರೆ ಏಳಕ್ಕೇ ತೆಗೆದು ಬಸಿಯಬೇಕು. ಇಟಲಿಯವರು ‘ಅಲ್ ದೆಂತೆ’ ಎನ್ನುತ್ತಾರೆ, ಹಲ್ಲಿಗೆ ಸಿಗುವಂತಿರಬೇಕೆಂದು ಅದರ ಭಾವ. ಮುಂದೆ ಓವನ್ನಿನಲ್ಲಿ ಅದು ಎರಡನೆಯ ಸಲ ಬೇಯುವುದರಿಂದ ಮೊದಲೇ ಮೆತ್ತಗಾದರೆ ಕೊನೆಗೆ ಗಂಜಿಯಾಗುತ್ತದೆ. ಪಿಷ್ಟವನ್ನು ಹಿಡಿದಿದ್ದ ಬಲೆಯೂ ಸಡಿಲವಾಗುತ್ತದೆ.

ಅರ್ಧ ಕಿಲೋ ಬದನೆಕಾಯಿಯನ್ನು ಅಗಲವಾದ ಬಿಲ್ಲೆಗಳಾಗಿ ಹೆಚ್ಚಿ, ಎರಡು ಚಮಚ ಎಣ್ಣೆ ಸವರಿ ಓವನ್ನಿನಲ್ಲಿಯೇ ಇಪ್ಪತ್ತು ನಿಮಿಷ ಬಾಡಿಸಬೇಕು. ಆರು ನೂರು ಗ್ರಾಂ ಹಣ್ಣು ಟೊಮ್ಯಾಟೊ, ಎರಡು ಈರುಳ್ಳಿ, ಆರೇಳು ಎಸಳು ಬೆಳ್ಳುಳ್ಳಿ ಸೇರಿಸಿ ಸಕ್ಕರೆಯ ಸೋಂಕಿಲ್ಲದೆ ಗೊಜ್ಜು ಮಾಡಿ, ಅದಕ್ಕೆ ಒಂದು ಬಟ್ಟಲು ಬೆಂದ ಕಡಲೆಕಾಳನ್ನು ಹಾಕಬೇಕು. ಬಿಳಿ ಸಾಸಿಗೆ ಮೈದಾ ಬೇಡವೇ ಬೇಡ. ಅರ್ಧ ಕಿಲೋ ಹೂಕೋಸನ್ನು ಕಾಲು ಲೀಟರು ಹಾಲಿನಲ್ಲಿ ಮೆತ್ತಗೆ ಬೇಯಿಸಿ, ಒಂದು ಚಮಚ ಬೆಣ್ಣೆ, ಮೆಣಸು, ಚಿಟಿಕೆ ಜಾಯಿಕಾಯಿ ಸೇರಿಸಿ ನುಣ್ಣಗೆ ರುಬ್ಬಿದರೆ ಸಾಸೂ ಹೌದು, ತರಕಾರಿಯೂ ಹೌದು. ತಟ್ಟೆಯ ತಳದಲ್ಲಿ ಬದನೆಕಾಯಿ. ಅದರ ಮೇಲೆ ಗೊಜ್ಜಿನಲ್ಲಿ ಕಲಸಿದ ಪಾಸ್ತಾ. ಆ ಮೇಲೆ ಪುಡಿಮಾಡಿದ ೨೦೦ ಗ್ರಾಂ ಪನೀರು. ಅದರ ಮೇಲೆ ಹೂಕೋಸಿನ ಸಾಸು. ಎಲ್ಲಕ್ಕೂ ಮೇಲೆ ೬೦ ಗ್ರಾಂ ತುರಿದ ಚೀಸು. ಇನ್ನೂರು ಡಿಗ್ರಿಯ ಕಾವಿನಲ್ಲಿ ಇಪ್ಪತ್ತೈದು ನಿಮಿಷ ಬೇಯಿಸಿ, ಹೊರತೆಗೆದು ಹತ್ತು ನಿಮಿಷ ತಾಳಿಕೊಂಡರೆ ತುಂಡುಗಳು ಕೆಡದೆ ಏಳುತ್ತವೆ. ಆ ಹತ್ತು ನಿಮಿಷ ತಾಳುವುದೇ ಈ ಪಾಕದಲ್ಲಿ ಅತ್ಯಂತ ಕಷ್ಟದ ಘಟ್ಟ.

ತರಕಾರಿ ಮೊದಲೆಂಬ ವೈದ್ಯರ ವಿಧಿಗೆ ನಮ್ಮ ತಾಯಿ ಪರಿಹಾರ ಸೂಚಿಸಿದರು. “ಅದಕ್ಕೇನು, ಎಲೆ ತುದಿಗೆ ಕೋಸಂಬರಿ ಹಾಕಿದರಾಯಿತು” ಎಂದರು. ಹೀಗೆ ಸೌತೆಕಾಯಿ ಹೆಸರುಬೇಳೆಯ ಕೋಸಂಬರಿ ಬೊಲೊನ್ಯದ ಭಕ್ಷ್ಯಕ್ಕೆ ಮುನ್ನುಡಿಯಾಯಿತು.

ಆ ಶನಿವಾರ ಓವನ್ನಿನಿಂದ ತಟ್ಟೆ ಹೊರಬಂದಾಗ ಪುಟ್ಟಿ ಹತ್ತಿರ ಬರಲಿಲ್ಲ. ಬಾಗಿಲ ಬಳಿ ನಿಂತು, “ಅಪ್ಪ ತಿನ್ನಬಾರದು. ನಾನೂ ತಿನ್ನೋದಿಲ್ಲ” ಎಂದಳು. ನಾನು ಅವಳನ್ನು ಕರೆದು ಕೂರಿಸಿಕೊಂಡು ಬಂಡಿಯ ಕಥೆಯನ್ನೂ ಮೂಟೆಯ ಕಥೆಯನ್ನೂ ಹೇಳಿದೆ. “ಆವತ್ತು ತಪ್ಪು ನಿನ್ನದಲ್ಲ ಪುಟ್ಟಿ. ಮೂಟೆ ಅಳೆಯದೆ ಹೇರಿಕೊಂಡವನು ನಾನು. ಇವತ್ತು ನೀನು ಅಳೆದು ಕೊಡು” ಎಂದೆ.

ಅವಳು ಒಂದು ಕ್ಷಣ ಯೋಚಿಸಿ ಒಳಗೆ ಓಡಿದಳು. ಶಾಲೆಯ ಚೀಲದಿಂದ ಅಡಿಕೋಲು ತಂದಳು. ನಮ್ಮ ಬೇಕಿಂಗ್ ತಟ್ಟೆ ಇಪ್ಪತ್ತನಾಲ್ಕು ಸೆಂಟಿಮೀಟರಿನ ಚೌಕ. ಹನ್ನೆರಡು ಸೆಂಟಿಮೀಟರಿಗೆ ಗುರುತು ಮಾಡಿ, ನಾಲಿಗೆಯನ್ನು ತುಟಿಯ ಅಂಚಿಗೆ ಕಚ್ಚಿಕೊಂಡು, ಎರಡು ಗೀಟು ಹಾಕಿ ನಾಲ್ಕು ಸಮಭಾಗ ಮಾಡಿದಳು. “ಇದು ಅಜ್ಜಿ ಪಾಲು, ಇದು ಅಮ್ಮನ ಪಾಲು, ಇದು ನನ್ನದು, ಇದು ಅಪ್ಪನ ಪಾಲು. ಎಲ್ಲಾರ್ದೂ ಒಂದೇ ಸಮ” ಎಂದಳು. ನಾಲ್ವರೂ ಒಟ್ಟಿಗೆ ಕುಳಿತೆವು. ಕೋಸಂಬರಿ ಮುಗಿಯಿತು. ಪಾಸ್ತಾ ಬಂದಿತು. ತುಂಡು ಚಿಕ್ಕದಲ್ಲ; ತಟ್ಟೆ ತುಂಬುವಂತೆಯೇ ಇದ್ದಿತು. ಒಳಗಿನ ಲೆಕ್ಕ ಮಾತ್ರ ಬದಲಾಗಿದ್ದಿತು. ಬದನೆಕಾಯಿ ಬೆಣ್ಣೆಯಂತೆ ಕರಗಿತು, ಪಾಸ್ತಾ ಹಲ್ಲಿಗೆ ಸಿಕ್ಕಿತು, ಚೀಸಿನ ಎಳೆ ತುಟಿಯಿಂದ ತಟ್ಟೆಗೆ ಜೋಲಿತು. ಹಳೆಯ ರುಚಿಯೇ ಎಂದು ಹೇಳಿದರೆ ಸುಳ್ಳಾದೀತು. ಬೇರೆ ರುಚಿ, ಆದರೆ ಶನಿವಾರದ ರುಚಿಯೇ.

ಊಟವಾದ ಮೇಲೆ ನಾನೂ ಪುಟ್ಟಿಯೂ ಬೀದಿಯ ಕೊನೆಯ ಹೊಂಗೆಯ ಮರದವರೆಗೆ ಎರಡು ಸಲ ಹೋಗಿ ಬಂದೆವು. ಎರಡು ಗಂಟೆಯಾಗುವವರೆಗೆ ಅವಳು ಮಲಗಲೊಪ್ಪಲಿಲ್ಲ. ಊಟಕ್ಕೆ ಮುಂಚೆ ೧೧೨ ಇದ್ದಿತು. ಬೆರಳು ಚುಚ್ಚಿದ ಮೇಲೆ ಯಂತ್ರ ಐದು ಸೆಕೆಂಡು ಯೋಚಿಸಿತು. ೧೫೮. ಪುಟ್ಟಿ ಅದನ್ನು ತನ್ನ ಗಣಿತದ ಪುಸ್ತಕದ ಕೊನೆಯ ಹಾಳೆಯಲ್ಲಿ ದೊಡ್ಡದಾಗಿ ಬರೆದು ಕೆಳಗೆ ಎರಡು ಗೆರೆ ಎಳೆದಳು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈ ಅಂಕಿಗಳು ನನ್ನ ದೇಹದವು. ಒಬ್ಬರಿಗೆ ಒಗ್ಗಿದ ಅಳತೆ ಇನ್ನೊಬ್ಬರಿಗೆ ಒಗ್ಗಬೇಕೆಂದಿಲ್ಲ. ಇನ್ಸುಲಿನ್ನನ್ನೋ ಸಕ್ಕರೆಯನ್ನು ತಟ್ಟನೆ ಇಳಿಸಬಲ್ಲ ಕೆಲವು ಮಾತ್ರೆಗಳನ್ನೋ ತೆಗೆದುಕೊಳ್ಳುವವರು ಊಟದಲ್ಲಿ ಪಿಷ್ಟವನ್ನು ಏಕಾಏಕಿ ಕಡಿಮೆ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಮೊದಲು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಯಂತ್ರವೊಂದು ಮನೆಯಲ್ಲಿದ್ದರೆ, ಊಟಕ್ಕೆ ಮುಂಚೆ ಒಮ್ಮೆ, ಎರಡು ಗಂಟೆಯ ಮೇಲೆ ಒಮ್ಮೆ ನೋಡಿಕೊಂಡರೆ, ಉಪನ್ಯಾಸಗಳಿಂದ ತಿಳಿಯದ್ದು ತಿಳಿಯುತ್ತದೆ. ಇದನ್ನು ಉಪನ್ಯಾಸಕನೇ ಹೇಳುತ್ತಿದ್ದೇನೆಂಬುದನ್ನು ಗಮನಿಸಬೇಕು.

ಪುಟ್ಟಿ ಮಲಗಿದ ಮೇಲೆ ಅಮ್ಮ ಅಡುಗೆಮನೆಯಲ್ಲಿ ಒಬ್ಬರೇ ಕುಳಿತಿದ್ದರು. ಖಾಲಿ ತಟ್ಟೆ ಅವರ ಮುಂದಿತ್ತು. ಬಹಳ ಹೊತ್ತು ಮಾತಾಡಲಿಲ್ಲ. ಆ ಮೇಲೆ, “ನಿಮ್ಮಪ್ಪನಿಗೂ ಹೀಗೆ ಅಳೆದು ಒಂದು ಪಾಲು ಹಾಕಬಹುದಿತ್ತಲ್ಲವೇನೋ ಮಗು? ಅರ್ಧ ಒಬ್ಬಟ್ಟು, ನಮ್ಮ ಜೊತೆಯಲ್ಲೇ ಕೂರಿಸಿ... ನನಗೆ ಯಾರೂ ಹೇಳಲಿಲ್ಲ. ನಾನು ಬೀಗ ಹಾಕಿದೆ” ಎಂದರು.

“ಹೇಳಿಕೊಟ್ಟವನು ನಾನಮ್ಮ” ಎಂದೆ. ಇಪ್ಪತ್ತೈದು ವರ್ಷಗಳಲ್ಲಿ ನಾವಿಬ್ಬರೂ ಆ ರಾತ್ರಿಯ ವಿಷಯವನ್ನು ಆಡಿದ್ದು ಅದೇ ಮೊದಲು. ಅಪ್ಪ ಮುರಿದು ಕೊಟ್ಟ ಅರ್ಧವನ್ನು ನಾನು ತಿಂದಿದ್ದೆನೆಂಬುದನ್ನೂ ಹೇಳಿದೆ. ಅಮ್ಮನಿಗೆ ಅದು ಗೊತ್ತಿರಲಿಲ್ಲ. “ಕೊಟ್ಟರೇನೋ ನಿನಗೆ?” ಎಂದು ಕೇಳಿದರು. ಹೌದೆಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, “ಅವರು ಹಾಗೇ. ಒಬ್ಬರೇ ತಿನ್ನುವುದು ಅವರಿಗೆ ಸೇರುತ್ತಲೇ ಇರಲಿಲ್ಲ” ಎಂದರು.

ಅನಂತರ ಚಮಚವನ್ನು ತೆಗೆದುಕೊಂಡು, ತಟ್ಟೆಯ ಅಂಚಿಗೆ ಅಂಟಿಕೊಂಡಿದ್ದ ಚೀಸಿನ ಕರಕಲು ಹೊಪ್ಪಳೆಯನ್ನು ಕೆರೆದು ತೆಗೆದರು. ಅದು ಅವರ ಮೀಸಲು ಭಾಗ. ನಾಲ್ಕು ವರ್ಷಗಳಿಂದ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಎರಡು ತುಂಡು ಮಾಡಿ ಒಂದನ್ನು ನನ್ನ ಅಂಗೈಗೆ ಹಾಕಿದರು.

“ಇದಕ್ಕೂ ಲೆಕ್ಕ ಉಂಟೇನೋ?”

ಬರಿಯ ಚೀಸು, ಅದರಲ್ಲಿ ಪಿಷ್ಟ ಇಲ್ಲವೆನ್ನುವಷ್ಟು ಕಡಿಮೆ. “ಇಲ್ಲಮ್ಮ” ಎಂದು ಬಾಯಿಗೆ ಹಾಕಿಕೊಂಡೆ.